ಕೊಲ್ಲಾಪುರಕ್ಕೆ ಹೋಗಿ ಬಂದ ಒಂದು ಹಗಲು

ಅಕ್ಕವ್ವಾ, ಬಾಳಾ, ಮೊನ್ನೆ ನೀವಿಬ್ಬರೂ ನನ್ನೆದುರು ಕೂತು, “ಅಜ್ಜಿ, ನೀ ಖರೇನ ಮೋಟರ್ ಸೈಕಲ್ಲಿನಾಗ ಕೊಲ್ಲಾಪುರಕ್ಕ ಹೋಗಿದ್ದೇನು?” ಎಂದು ಕೇಳಿದಿರಿ. ನಾನು ನಕ್ಕು ಅಡಿಗೆಮನೆಗೆ ಎದ್ದು ಹೋದೆ. ಎದುರು ಕೂತವರಿಗೆ ನನ್ನ ಕಥೆ ನಾನೇ ಹೇಳುವುದು ಮೊದಲಿನಿಂದಲೂ ನನಗಾಗದು. ಊರ ಸಾಲೆಯಲ್ಲಿ ನಾಲ್ಕು ವರ್ಷ ಕಲಿತ ಅಕ್ಷರಗಳಿವೆಯಲ್ಲ, ಅವುಗಳಲ್ಲಿ ಬರೆದು ಹೇಳುತ್ತೇನೆ.

ಆಗ ನಾವು ಪುಣೆಯ ಶನಿವಾರ ಪೇಠೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ನಿಮ್ಮ ಅಜ್ಜ, ನಮ್ಮ ಅತ್ತೆ, ನಾನು, ಎರಡು ವರ್ಷದ ನಿಮ್ಮ ಅಪ್ಪ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಜ್ಜ ಲಷ್ಕರದ, ಅಂದರೆ ದಂಡು ಪ್ರದೇಶದ, ಒಂದು ಮೋಟರ್ ಸೈಕಲ್ ಅಂಗಡಿಯಲ್ಲಿದ್ದರು. ಹೊಸ ಗಾಡಿಯನ್ನು ಓಡಿಸಿ ನೋಡಿ, ಕೊಂಡವರ ಊರಿಗೆ ಮುಟ್ಟಿಸಿ ಬರುವುದು ಅವರ ಕೆಲಸ. ಆ ಮಳೆಗಾಲದಲ್ಲಿ ಸಾಸವಡದಿಂದ ಬರುವಾಗ ಘಾಟಿನಲ್ಲಿ ಗಾಡಿ ಜಾರಿ ಅವರ ಬಲ ಮೊಣಕಾಲಿಗೆ ಪೆಟ್ಟಾಯಿತು. ಗಾಯ ಮಾಯಿತು, ಆದರೆ ಕಾಲು ಮೊದಲಿನಂತೆ ಮಡಚಲಿಲ್ಲ. ಕುಂಟುವವನನ್ನು ದೂರದ ಹಾದಿಗೆ ಕಳಿಸಲಾರೆ, ಬೇರೆ ಕೆಲಸವೂ ನನ್ನಲ್ಲಿಲ್ಲ ಎಂದು ಅಂಗಡಿಯ ಶೇಠರು ಹೇಳಿಬಿಟ್ಟರು. ಕೆಲಸ ಹೋದರೆ ಪುಣೆ ಬಿಟ್ಟು ಧಾರವಾಡದ ಕಡೆಯ ಹಳ್ಳಿಗೆ, ಭಾವನವರ ಮನೆಗೆ ಹೋಗಿ ಇರಬೇಕಿತ್ತು. ಆ ಮಾತು ಬಂದಾಗಲೆಲ್ಲ ಅಜ್ಜ ಊಟ ಬಿಟ್ಟು ಏಳುತ್ತಿದ್ದರು.

ದೀಪಾವಳಿ ಆದಮೇಲೆ ಅಂಗಡಿಯವರು ವರ್ಷಕ್ಕೊಮ್ಮೆ ಒಂದು ಪರೀಕ್ಷೆ ಇಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಪುಣೆ ಬಿಟ್ಟು, ಕೊಲ್ಲಾಪುರ ಮುಟ್ಟಿ, ಸಂಜೆ ಏಳರೊಳಗೆ ತಿರುಗಿ ಅಂಗಡಿಯ ಬಾಗಿಲಿಗೆ ಬರಬೇಕು. ಗಾಡಿಗೆ ಪಕ್ಕದಲ್ಲಿ ಒಬ್ಬರು ಕೂಡುವ ತೊಟ್ಟಿಲು ಕಟ್ಟಿರುತ್ತಿತ್ತು, ಅದು ಖಾಲಿ ಇರಬಾರದು. ಅಜ್ಜ ಶೇಠರನ್ನು ಕೇಳಿಕೊಂಡರು: ಇದನ್ನು ಮುಗಿಸಿದರೆ ನನ್ನ ಕೆಲಸ ನನಗೆ, ಇಲ್ಲವಾದರೆ ಮತ್ತೆ ಕೇಳುವುದಿಲ್ಲ. ಶೇಠರು ಒಪ್ಪಿದರು.

ಜೊತೆಗೆ ಬರಬೇಕಿದ್ದ ಗೆಳೆಯ ಹಿಂದಿನ ದಿನ ಜ್ವರದಿಂದ ಮಲಗಿದ. ಸಂಜೆಯೆಲ್ಲ ತಿರುಗಿದರೂ ಇನ್ನೊಬ್ಬರು ಸಿಗಲಿಲ್ಲ. ಅಜ್ಜ ಬಂದು ಹೊಸ್ತಿಲಲ್ಲಿ ಕೂತು, “ನೀ ಬರ್ತೀಯೇನು?” ಎಂದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಹಿಟ್ಟು ನಾದುತ್ತಲೇ, “ಹೋಗು. ಕೂಸಿನ್ನ ನಾ ನೋಡ್ಕೋತೀನಿ. ವಾಡೇದವ್ರು ಏನರ ಅಂದ್ರ, ಸೊಸಿ ಸಂತಿಗೆ ಹೋಗ್ಯಾಳ ಅಂತೀನಿ,” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಮತ್ತ ಕೆಡವೀದಿ, ನೋಡ್ಕೋ. ಇಬ್ಬರನ್ನ ಎತ್ತಿ ಹಾಕೂ ಶಕ್ತಿ ನನಗಿಲ್ಲ,” ಎಂದರು.

ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದು, ಅದರ ಮೇಲೆ ಅಜ್ಜನ ಮಫ್ಲರ್ ಬಿಗಿದುಕೊಂಡು ಕೂತೆ. ತೊಡೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಕಾತ್ರಜ ಘಾಟು ಏರುವಾಗ ಕಣ್ಣು ಮುಚ್ಚಿದವಳು ಸಾತಾರಾ ಹತ್ತಿರ ಬಂದಾಗ ತೆಗೆದೆ. ಆಮೇಲೆ ಹೆದರಿಕೆ ಕಡಿಮೆಯಾಯಿತು. ಕಬ್ಬಿನ ಹೊಲಗಳು, ನಮ್ಮನ್ನು ಕಂಡು ಹಾದಿ ಬಿಟ್ಟು ಓಡುವ ಎಮ್ಮೆಗಳು. ಪ್ರತಿ ಸಲ ನಿಂತಾಗಲೂ ಗಾಡಿಯನ್ನು ಮತ್ತೆ ಶುರು ಮಾಡಲು ಬಲಗಾಲಿನಿಂದಲೇ ಒದೆಯಬೇಕು. ಅಜ್ಜ ತುಟಿ ಕಚ್ಚಿ ಒದೆಯುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ.

ಹನ್ನೆರಡಕ್ಕೆ ಮೊದಲೇ ಕೊಲ್ಲಾಪುರ ಮುಟ್ಟಿದೆವು. ಅಲ್ಲಿ ಶೇಠರ ಪರವಾಗಿ ಒಬ್ಬ ಹಿರಿಯ ಗುಮಾಸ್ತರು ಒಂದು ಅಂಗಡಿಯ ಒಳಗೆ ಕೂತಿದ್ದರು. ನಿಪ್ಪಾಣಿ ಕಡೆಯವರು, ಕನ್ನಡ ಬರುತ್ತಿತ್ತು. ಹಿಂದಿನ ವರ್ಷ ಯಾರೋ ನಡುದಾರಿಯಲ್ಲಿ ಸವಾರನನ್ನು ಬದಲಿಸಿದ್ದರಂತೆ. ಅದಕ್ಕೆ ಈ ಸಲ ಒಂದು ನಿಯಮ: ತೊಟ್ಟಿಲಲ್ಲಿ ಕೂತವರು ಒಬ್ಬರೇ ಒಳಗೆ ಬಂದು, ಗಾಡಿ ಹೊಡೆದವರು ಯಾರೆಂದು ಬಾಯಿಬಿಟ್ಟು ಹೆಸರು ಹೇಳಬೇಕು. ಅದನ್ನು ಬರೆದುಕೊಂಡರೆ ಮಾತ್ರ ಶೇಠರು ಕೊಟ್ಟಿದ್ದ ಚೀಟಿಗೆ ಶಿಕ್ಕಾ ಒತ್ತುವುದು.

“ಗಾಡಿ ಹೊಡದವ್ರ ಹೆಸರೇನವಾ?”

“ಅವರರೀ.”

“ಅವರು ಅಂದ್ರ ಯಾರು?”

“ನಮ್ಮ ಮನ್ಯಾಗಿನವ್ರು.”

ಗುಮಾಸ್ತರು ಲೇಖಣಿ ಕೆಳಗಿಟ್ಟರು. “ತಂಗೀ, ನನ್ನ ಹೇಣ್ತೀನೂ ಇವತ್ತಿನ ಮಟ ನನ್ನ ಹೆಸರು ಹೇಳಿಲ್ಲ. ನನಗ ತಿಳೀತದ. ಈ ಕಾಗದಕ್ಕ ತಿಳ್ಯಾಂಗಿಲ್ಲ.”

“ನೀವ ಓದ್ರಿ, ನಾ ಹೂಂ ಅಂತೀನ್ರಿ.”

“ಹಂಗ ನಡ್ಯಾಂಗಿಲ್ಲ.”

ನಾನು ಗೋಡೆಯ ಕಡೆ ತಿರುಗಿ ನಿಂತೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮವ್ವ ಕಲಿಸಿದ್ದಳು. ಹೇಳದಿದ್ದರೆ ಶಿಕ್ಕಾ ಇಲ್ಲ, ಇಲ್ಲಿಯವರೆಗೆ ಬಂದದ್ದು ಬಂದಂತೆಯೇ ಅಲ್ಲ. ಹೊರಗೆ ಬೇವಿನ ಮರದ ಕೆಳಗೆ ಅಜ್ಜ ಕಾಲು ಚಾಚಿ ಕೂತಿದ್ದರು. ಒಳಗೆ ಬರುವಂತಿಲ್ಲ. ಕಿಟಕಿಯಿಂದ ನನ್ನನ್ನು ನೋಡಿದರು. ಅರ್ಧ ಗಂಟೆ ಹೀಗೆಯೇ ಹೋಯಿತು.

ಕೊನೆಗೆ ಗುಮಾಸ್ತರೇ, “ಲಗ್ನದಾಗ ಒಡಪು ಹಾಕಿ ಹೇಳಿರಬೇಕಲಾ? ಈಗ ಒಂದು ಹಾಕು,” ಎಂದರು.

ನಮ್ಮ ಕಡೆ ಗಂಡನ ಹೆಸರನ್ನು ಪದ್ಯದ ನಡುವೆ ಸೇರಿಸಿ ಹೇಳಿದರೆ ದೋಷವಿಲ್ಲ. ಮದುವೆಯಲ್ಲಿ ಕಲಿತದ್ದು ಒಂದೂ ನೆನಪಿಗೆ ಬರಲಿಲ್ಲ. ಗೋಡೆಯನ್ನೇ ನೋಡುತ್ತ ಬಾಯಿಗೆ ಬಂದದ್ದನ್ನು ಹೇಳಿದೆ: “ನಸುಕಿನಾಗ ಬಿಟ್ಟೀವಿ ಪುಣೆ ಪ್ಯಾಟಿ, ಹಾದ್ಯಾಗ ಹತ್ತೀವಿ ಎರಡು ಘಾಟಿ...” ಮುಂದೆ ಅವರ ಹೆಸರು ಹೇಳಿ, “ರಾಯರು ತಂದಾರ ನನ್ನ ದಾಟಿ,” ಎಂದು ಮುಗಿಸಿದೆ. ಧ್ವನಿ ನನ್ನದೆಂದೇ ಅನಿಸಲಿಲ್ಲ.

ಗುಮಾಸ್ತರು ಹೆಸರು ಬರೆದುಕೊಂಡು ಶಿಕ್ಕಾ ಒತ್ತಿದರು. “ಇಷ್ಟು ಛಂದ ಬರ್ತದ, ಅರ್ಧಾ ತಾಸು ಯಾಕ ಕಾಯಿಸಿದಿ?” ಎಂದರು.

ಹೊರಗೆ ಬಂದು ತೊಟ್ಟಿಲಲ್ಲಿ ಕೂತೆ. “ವ್ಯಾಳ್ಯಾ ಹಾಳು ಮಾಡಿದೆನ್ರಿ,” ಎಂದೆ. ಅಜ್ಜ, “ರೊಟ್ಟಿ ಕೊಡು, ಹಾದ್ಯಾಗ ತಿಂತೀನಿ,” ಎಂದಷ್ಟೇ ಹೇಳಿದರು. ಕಾಲಿಗೆ ಆ ಅರ್ಧ ಗಂಟೆಯ ವಿಶ್ರಾಂತಿ ಬೇಕೇ ಇತ್ತೆಂದು ನನಗೀಗ ಅನಿಸುತ್ತದೆ. ಅವರು ತಾವಾಗಿ ಕೂಡುವವರಲ್ಲ.

ತಿರುಗಿ ಬರುವ ಹಾದಿ ಉದ್ದವಾಗಿ ಕಂಡಿತು. ಕರಾಡದ ಆಚೆ ಎತ್ತಿನ ಗಾಡಿಗಳ ಸಾಲು ಹಾದಿ ಬಿಡಲೊಲ್ಲದು. ಖಂಬಾಟಕಿ ಘಾಟಿನಲ್ಲಿ ಯಂತ್ರ ಕಾದು ನಿಂತಿತು. ಅದು ಆರುವ ತನಕ ನಾವಿಬ್ಬರೂ ಕಲ್ಲಿನ ಮೇಲೆ ಕೂತೆವು. ಒಡಪು ಹಾಕಿದ್ದರೂ ಹೆಸರು ಹೇಳಿದೆನೆಂಬ ಹೆದರಿಕೆ ಹೋಗದೆ, ಇಳಿಜಾರಿನಲ್ಲಿ ಗಾಡಿ ಕುಲುಕಿದಾಗಲೆಲ್ಲ ನಾನು ತೊಟ್ಟಿಲಿನ ಅಂಚು ಬಿಟ್ಟು ಅವರ ಕೋಟಿನ ತುದಿ ಹಿಡಿಯುತ್ತಿದ್ದೆ.

ಕಾತ್ರಜ ಇಳಿದಾಗ ಕತ್ತಲಾಗಿತ್ತು. ದೀಪ ಹಚ್ಚಿಕೊಂಡು ಲಷ್ಕರಕ್ಕೆ ಬಂದು ಅಂಗಡಿಯ ಬಾಗಿಲಲ್ಲಿ ನಿಂತಾಗ ಶೇಠರು ಕೈಯಲ್ಲಿ ಗಡಿಯಾರ ಹಿಡಿದಿದ್ದರು. ಏಳಕ್ಕೆ ಇನ್ನೂ ಎಂಟು ನಿಮಿಷವಿತ್ತು. ಅಜ್ಜನಿಗೆ ಗಾಡಿಯಿಂದ ಇಳಿಯಲು ಆಗಲಿಲ್ಲ. ಶೇಠರು ಚೀಟಿಯ ಶಿಕ್ಕಾ ನೋಡಿ, ಮಡಚಿ, ಜೇಬಿಗಿಟ್ಟುಕೊಂಡರು. ನಾಡಿದ್ದು ಸೋಲಾಪುರಕ್ಕೆ ಒಂದು ಗಾಡಿ ಮುಟ್ಟಿಸುವುದಿದೆ, ನಾಳೆ ಮನೆಯಲ್ಲಿ ಮಲಗು ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದರು. ಅಷ್ಟೇ. ಅಜ್ಜ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟರು. ಅವರ ಬೆನ್ನ ಮೇಲೆ ಕೈಯಿಟ್ಟೆ. ರಸ್ತೆಯಲ್ಲಿ ಜನ ಓಡಾಡುತ್ತಿದ್ದರೂ ನಾಚಿಕೆ ಆಗಲಿಲ್ಲ.

ಟಾಂಗಾದಲ್ಲಿ ಮನೆಗೆ ಬಂದೆವು. ಅತ್ತೆ ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದರು. ಊರಿಗೆ ಹೋಗುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಅಜ್ಜ ಅದಾದ ಮೇಲೆ ಇಪ್ಪತ್ತೆಂಟು ವರ್ಷ ಬದುಕಿದರು, ಬಹಳ ವರ್ಷ ಅದೇ ಕೆಲಸ ಮಾಡಿದರು. ನೀವು ಪುಣೆಯಲ್ಲಿ ಹುಟ್ಟಿದ್ದು ಆ ಎಂಟು ನಿಮಿಷದಿಂದ ಎಂದು ನಾನು ಒಬ್ಬಳೇ ಇದ್ದಾಗ ಅಂದುಕೊಳ್ಳುತ್ತೇನೆ. ಈ ಹಾಳೆಗಳು ನಿಮ್ಮ ಹತ್ತಿರ ಇರಲಿ. ರದ್ದಿಯವನಿಗೆ ಹಾಕಬೇಡಿರಿ, ಗೆದ್ದಲು ಹತ್ತದಂತೆ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಡಿರಿ.