ಸುಟ್ಟ ಟ್ಯೂಬ್‌ಲೈಟಿಗೆ ಒಂದು ನಿಂಬೆಹಣ್ಣು

ದೋಸ್ತರೇ, ಸುಟ್ಟ ಟ್ಯೂಬ್‌ಲೈಟ್ ಒಂದನ್ನ ಮನಿಯಿಂದ ಸಾಗಿಸೋದು ಸಿಂಧನೂರಾಗ ಎಷ್ಟು ಕಷ್ಟ ಅಂತ ಇವತ್ತು ಗೊತ್ತಾತು.

ಮುಂಜಾನೆ ಕಸದ ಗಾಡಿಗೆ ಕೊಡಾಕ ಹೋದೆ. "ಭಾಳ ಉದ್ದ ಐತ್ರಿ, ಒಡದು ಕೊಡ್ರಿ" ಅಂದ ಗಾಡಿಯವ.

"ಒಳಗ ಪಾದರಸ ಇರ್ತೈತಪ್ಪ. ಒಡದ್ರ ಆ ವಿಷ ನಿನ್ನ ಮೂಗಿಗೇ ಹೋಗ್ತೈತಿ."

"ದಿನಾ ಒಡೀತೀನ್ರಿ, ಏನಾಗೇತಿ ನನಗ?" ಅಂತ ನಕ್ಕು ಹೋದ.

ಕೊಂಡ ಅಂಗಡಿಗೆ ಒಯ್ದೆ. "ನಾವು ಮಾರೋದಷ್ಟೇರಿ, ವಾಪಸ್ ತಗೊಳ್ಳಂಗಿಲ್ಲ" ಅಂದ್ರು.

ತಂದು ಬಾಗಿಲ ಹೊರಗ ಗ್ವಾಡಿಗೆ ಆನಿಸಿಟ್ಟೆ. ಬಾಜೂಮನಿ ಶರಣಮ್ಮಕ್ಕ ಕಲ್ಲು ಹಿಡಕೊಂಡೇ ಬಂದಳು: "ಇಷ್ಟಕ್ಕ ಯಾಕ ಒದ್ದಾಡ್ತೀ ತಮ್ಮಾ? ತಡಿ, ನಾ ಒಡದು ಕೊಡ್ತೀನಿ."

ಹೇಳಿ ಹೇಳಿ ಸಾಕಾತು. ಒಳಗಿಂದ ಕುಂಕುಮ ತಂದು ಟ್ಯೂಬಿಗೆ ಬಳದೆ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಅಕ್ಕ ಕಲ್ಲು ಅಲ್ಲೇ ಒಗದು ಮನಿ ಸೇರಿದಳು. ಆವಾಗಿಂದ ಓಣಿ ಮಂದಿಯೆಲ್ಲಾ ಎದುರಿನ ಗ್ವಾಡಿ ಸವರಿಕೊಂಡು ಹೊಂಟಾರ.

ಸಂಜಿಗೆ ಒಳಗ ತರಾಕ ಹೋದ್ರ ನನ್ನ ಹೆಂಡ್ತಿ ಬಾಗಿಲದಾಗ ಅಡ್ಡ ನಿಂತಾಳ.

"ಅದನ್ನ ಕಟ್ಟಿದ್ದು ನಾನೇ ಅಲ್ಲೇನ?" ಅಂದೆ.

"ನೀವ ಕಟ್ಟಿದ್ದು ಖರೇ. ಆದ್ರೂ ಒಳಗ ತರಬ್ಯಾಡ್ರಿ."

ಟ್ಯೂಬ್ ಹೊರಗೈತಿ. ಅದನ್ನ ಕಾಯ್ಕೊಂತ ಕಟ್ಟಿ ಮ್ಯಾಲೆ ಕುಂತು ಇದನ್ನ ಬರಿಯಾಕತ್ತೀನಿ.