ಕಂಪ್ಯೂಟರ್ ಏಳುವ ಹೊತ್ತಿಗೆ

ನಮ್ಮ ಮನೆಯ ಕಂಪ್ಯೂಟರ್ ನಿಧಾನವಾಗಿದ್ದಷ್ಟು ಕಾಲ ನಾನು ಸುಖವಾಗಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗುಂಡಿ ಒತ್ತಿದ ಮೇಲೆ ಅದು ಪೂರ್ತಿ ಕಣ್ಣು ಬಿಡಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಆ ಇಪ್ಪತ್ತು ನಿಮಿಷ ನನ್ನನ್ನು ಯಾರೂ ಏನೂ ಕೇಳುವಂತಿರಲಿಲ್ಲ. "ಎಂತ ಮಾಡ್ತಾ ಇದ್ದಿ?" ಎಂದು ಇವರು ಒಳಗಿನಿಂದ ಕೂಗಿದರೆ, "ಕಂಪ್ಯೂಟರ್ ಆನ್ ಮಾಡಿದ್ದೇನೆ" ಎಂದರೆ ಮುಗಿಯಿತು. ಮನೆಯಲ್ಲಿ ಕೈಕಟ್ಟಿ ಕುಳಿತೂ ಕೆಲಸದಲ್ಲಿರುವವಳೆಂದು ಹೆಸರು ಪಡೆಯಲು ಇದಕ್ಕಿಂತ ಮರ್ಯಾದೆಯ ದಾರಿ ನನಗಂತೂ ಸಿಕ್ಕಿಲ್ಲ.

ಮುಂಬಯಿ ಬಳಿಯ ಸಾನಪಾಡಾದ ನಮ್ಮ ನಾಲ್ಕನೆಯ ಮಾಳಿಗೆಯ ಕಿಟಕಿಯಿಂದ ಲೋಕಲ್ ರೈಲುಗಾಡಿಗಳು ತಂಗುವ ಶೆಡ್ ಕಾಣುತ್ತದೆ. ಬೆಳಗಿನ ನೂಕುನುಗ್ಗಲು ಮುಗಿಸಿದ ಗಾಡಿಗಳು ಒಂದೊಂದಾಗಿ ಅಲ್ಲಿಗೆ ಬಂದು, ಮೈ ತೊಳೆಸಿಕೊಂಡು, ಮತ್ತೆ ಖಾಲಿಯಾಗಿಯೇ ಹೊರಡುತ್ತವೆ. ಬಾಗಿಲಿಗೆ ಜೋತುಬಿದ್ದವರಿಲ್ಲದ, "ಆಗೇ ಚಲೋ" ಎಂದು ಬೆನ್ನು ದಬ್ಬುವವರಿಲ್ಲದ ಲೋಕಲ್ಲನ್ನು ನೋಡುವುದೇ ಒಂದು ಕನಸು. ಇತ್ತ ಕಂಪ್ಯೂಟರಿನ ಪರದೆಯಲ್ಲಿ ಚಕ್ರ ತಿರುಗುತ್ತಿರುವಾಗ ಅತ್ತ ನಾನು ಅಂಥದೊಂದು ಖಾಲಿ ಗಾಡಿ ಹತ್ತಿ, ಕಿಟಕಿಯ ಬದಿ ಕುಳಿತು, ವಾಶಿಯ ಹಿನ್ನೀರಿನ ಖಾಡಿ ದಾಟಿಬಿಡುತ್ತಿದ್ದೆ. ನೀರು ಇಳಿದ ಕೆಸರಿನ ಮೇಲೆ ಬಿಸಿಲು ಹೊಳೆಯುತ್ತಿರುತ್ತಿತ್ತು. ಎಲ್ಲಿ ಇಳಿಯಬೇಕೆಂಬ ಯೋಚನೆಯೇ ಇರುತ್ತಿರಲಿಲ್ಲ.

ನಿಧಾನವಾಗಿ ಶುರುವಾಗುವುದು ನಮ್ಮ ಕಡೆಯವರಿಗೆ ಹೊಸದೂ ಅಲ್ಲ. ಯಕ್ಷಗಾನದಲ್ಲಿ ಕಥೆ ಆರಂಭವಾಗುವ ಮೊದಲು ಪೂರ್ವರಂಗವೆಂದು ಇರುತ್ತದೆ. ಕೋಡಂಗಿಗಳು ಬಂದು ಕುಣಿಯಬೇಕು, ಬಾಲಗೋಪಾಲರು ಬರಬೇಕು, ಸ್ತ್ರೀವೇಷ ಬರಬೇಕು. ಪ್ರಸಂಗದ ರಾಜ ಬರುವ ಹೊತ್ತಿಗೆ ಮುಂದಿನ ಸಾಲಿನವರು ಚಹಾ ಕುಡಿದು ಮರಳಿರುತ್ತಾರೆ. ನನ್ನ ಕಂಪ್ಯೂಟರಿಗೂ ಅಂಥ ಶಾಸ್ತ್ರವಿರಬಹುದು ಎಂದುಕೊಂಡು ಆರಾಮವಾಗಿದ್ದೆ. ಹಾಗೆ ಆರಾಮವಾಗಿದ್ದುದರಿಂದ ಇನ್ನೊಂದು ಮನೆಯಲ್ಲಿ ಏನಾಗುತ್ತಿದೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ನಾನು ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮನೆಯಲ್ಲಿ ಕುಳಿತು ಬೇಜಾರಾದಾಗ, ಕಂಪ್ಯೂಟರಿನ ಮೂಲಕ ಕನ್ನಡ ಕಲಿಸುತ್ತೇನೆಂದು ಪರಿಚಯದವರಿಗೆಲ್ಲ ತಿಳಿಸಿದೆ. ಏಳು ಜನ ಬಂದರು. ಒಬ್ಬೊಬ್ಬರಾಗಿ ಆರು ಜನ ಹೋದರು. ಉಳಿದವಳು ಪ್ರಾಜಕ್ತಾ.

ಪ್ರಾಜಕ್ತಾ ಮರಾಠಿ ಹುಡುಗಿ, ಕಲ್ಯಾಣದವಳು. ಕೋಟದ ಕಡೆಯ ಹೋಟೆಲಿನವರ ಮನೆಗೆ ಸೊಸೆಯಾಗಿ ಹೋಗಿ ಈಗ ಟಿಟ್ವಾಳಾದಲ್ಲಿದ್ದಾಳೆ. ಗಂಡನಿಗೆ ಹಡಗಿನಲ್ಲಿ ಕೆಲಸ, ವರ್ಷದಲ್ಲಿ ಆರೇಳು ತಿಂಗಳು ನೀರಿನ ಮೇಲೆ. ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಅವಳು ಅತ್ತೆಯನ್ನು ಆಯಿ ಎಂದು ಕರೆಯುತ್ತಾಳೆ. ಆ ಆಯಿ ನಲವತ್ತು ವರ್ಷ ಡೊಂಬಿವಲಿಯಲ್ಲಿ ಬಾಳಿದವರು. ತರಕಾರಿಯವರೊಡನೆ ಮರಾಠಿಯಲ್ಲಿ ಜಗಳವಾಡುವಷ್ಟು ಮರಾಠಿ ಬಲ್ಲವರು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸೋತವು. ಮಾತು ಕೆಲವು ವಾರ ನಿಂತೇಹೋಯಿತು. ಮತ್ತೆ ಬಂದಾಗ ಮರಾಠಿ ಇರಲಿಲ್ಲ, ಹಿಂದಿ ಇರಲಿಲ್ಲ. ಹುಟ್ಟಿದೂರಿನ ಕನ್ನಡವೊಂದೇ, ಅದೂ ತೊದಲು ತೊದಲಾಗಿ, ಮರಳಿ ಬಂದಿತ್ತು. ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಹರಟಿದ ಅತ್ತೆ ಸೊಸೆಯರು ಒಂದು ಬೆಳಿಗ್ಗೆ ಒಬ್ಬರಿಗೊಬ್ಬರು ಪರಭಾಷೆಯವರಾಗಿಬಿಟ್ಟರು.

ಹಾಗಾಗಿ ಪ್ರಾಜಕ್ತಾ ನನ್ನ ಬಳಿ ಬಂದಳು. ಆಯಿ ದಿನವೂ ಸ್ನಾನ ಮುಗಿಸಿ ಹನ್ನೊಂದಕ್ಕೆ ಅರ್ಧ ಗಂಟೆ ನಿದ್ದೆ ಹೋಗುತ್ತಿದ್ದರು. ಶನಿವಾರದ ಆ ಅರ್ಧ ಗಂಟೆಯೇ ನಮ್ಮ ತರಗತಿ. ಅವರೆದುರು ತಪ್ಪು ತಪ್ಪಾಗಿ ಮಾತಾಡಲು ಅವಳಿಗೆ ನಾಚಿಕೆ.

ನಾನು ಹತ್ತೂವರೆಗೇ ಕಂಪ್ಯೂಟರ್ ಆನ್ ಮಾಡಿ ಇಡುತ್ತಿದ್ದೆ. ಆದರೆ ಗಾಡಿ ನೋಡುತ್ತ ನಾನೇ ಎಲ್ಲಿಗೋ ಹೋಗಿರುತ್ತಿದ್ದೆ. ಎಚ್ಚೆತ್ತು ತರಗತಿ ತೆರೆದರೆ ಅದು ಮತ್ತೆ ಏದುಸಿರು ಬಿಡುತ್ತಿತ್ತು. ಫೋನಿನಲ್ಲೇ ಮಾಡೋಣವೆಂದರೆ ಅದರ ಕ್ಯಾಮೆರಾದಲ್ಲಿ ನಾನು ಹೊಗೆಯೊಳಗಿನ ದೆವ್ವದಂತೆ ಕಾಣುತ್ತೇನೆ, ತುಟಿ ಯಾವುದು ಮೂಗು ಯಾವುದು ಗೊತ್ತಾಗದು. ಒಂದು ಶನಿವಾರವಂತೂ, ಹನ್ನೊಂದಕ್ಕೆ ಸರಿಯಾಗಿ, ಎಂದೋ ಗುಜರಿಗೆ ಹೋದ ಪ್ರಿಂಟರ್ ಸಿಗುತ್ತಿಲ್ಲವೆಂದು ಒಂದು ಪ್ರೋಗ್ರಾಂ ಗೋಳಾಡಿತು. ಇನ್ನೊಂದು, ಆಗಲೇ ಮುಗಿದಿದ್ದ ರಾಹುಕಾಲವನ್ನು ಗಟ್ಟಿ ದನಿಯಲ್ಲಿ ಸಾರಿತು. ಬಾಯಿ ತೆರೆದ ನನ್ನ ಚಿತ್ರ ಹಾಗೆಯೇ ಪರದೆಯ ಮೇಲೆ ಹೆಪ್ಪುಗಟ್ಟಿ ನಿಂತಿತು. ನಾನು ಮತ್ತೆ ಜೀವ ಪಡೆದಾಗ ಹನ್ನೊಂದೂ ಇಪ್ಪತ್ತೈದು.

ಪ್ರಾಜಕ್ತಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ರಾಹೂ ದ್ಯಾ, ಟೀಚರ್," ಎಂದಳು. ಬಿಟ್ಟುಬಿಡಿ ಎಂದರ್ಥ. ಮುಂದಿನದನ್ನೂ ಮರಾಠಿಯಲ್ಲೇ ಹೇಳಿದಳು. "ನಾಲ್ಕು ತಿಂಗಳಾಯ್ತು. ನನಗೆ ನೀರು, ಅನ್ನ, ನೋವು, ಇಷ್ಟೇ ಬಂತು. ಆಯಿ ಬೇರೆ ಏನೋ ಹೇಳ್ತಾರೆ. ನಾನು ಸುಮ್ಮನೆ ನಗ್ತೇನೆ. ಅವರು ಕಣ್ಣು ಮುಚ್ಚಿಕೊಳ್ತಾರೆ. ಇದು ನನ್ನಿಂದ ಆಗುವುದಿಲ್ಲ."

ಪರದೆ ಖಾಲಿಯಾಯಿತು. ಕಿಟಕಿಯ ಹೊರಗೆ ಗಾಡಿಯೊಂದು ಹೊರಟಿತು, ಅದರಲ್ಲಿ ಹತ್ತಿ ಕೂರುವ ಮುಖ ನನಗೆ ಉಳಿದಿರಲಿಲ್ಲ. ನನ್ನ ಸುಖವೆಂದು ನಾನು ಎಣಿಸಿದ್ದ ಇಪ್ಪತ್ತು ನಿಮಿಷ ಎಷ್ಟೋ ವಾರ ಅವಳ ಅರ್ಧ ಗಂಟೆಯಿಂದ ಕಿತ್ತುಕೊಂಡದ್ದಾಗಿತ್ತು.

ಆವತ್ತೇ ಡೊಂಬಿವಲಿಗೆ ಫೋನ್ ಮಾಡಿದೆ. ಅಲ್ಲಿ ನನ್ನ ನಾದಿನಿ ವಿನೋದಾ ಇದ್ದಾಳೆ. ಮೂವತ್ತು ವರ್ಷ ಆಫೀಸಿನಲ್ಲಿ ಕಂಪ್ಯೂಟರ್ ಎದುರು ಕುಳಿತು ನಿವೃತ್ತಳಾದವಳು. ಬುಧವಾರ ಠಾಣೆಯಲ್ಲಿ ಗಾಡಿ ಬದಲಿಸಿ ಬಂದಳು. ಕಂಪ್ಯೂಟರ್ ಆನ್ ಮಾಡಿ, ಐದು ನಿಮಿಷ ಕಾದು, ನನ್ನ ಕಡೆ ತಿರುಗಿದಳು.

"ಅತ್ತಿಗೆ, ಇದನ್ನು ಆನ್ ಮಾಡಿಟ್ಟು ನಾನು ಡೊಂಬಿವಲಿಗೆ ಹೋಗಿ ಅನ್ನಕ್ಕಿಟ್ಟು ಬರಬಹುದಿತ್ತು."

"ಹಳೆಯದಾಯಿತಲ್ಲ ವಿನೋದಾ. ಹೊಸತು ತರಬೇಕೋ ಏನೋ."

"ಹಳೆಯದೇನಲ್ಲ. ನೀವು ಹೇಳದೆಯೇ ಯಾರ‍್ಯಾರು ಎದ್ದು ಕೂರ್ತಾರೆ, ನೋಡುವ."

ಕೀಲಿಮಣೆಯ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯಿತು. ಅದರಲ್ಲಿ ಸ್ಟಾರ್ಟಪ್ ಎಂಬಲ್ಲಿ ಒತ್ತಿದಾಗ ಒಂದು ಪಟ್ಟಿ ಬಂತು. ಕಂಪ್ಯೂಟರ್ ಶುರುವಾದೊಡನೆ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ. ಇಪ್ಪತ್ತಮೂರು ಇದ್ದವು. ಒಂದೊಂದರ ಮುಂದೆಯೂ ಅದು ಎಷ್ಟು ಭಾರ ಹಾಕುತ್ತದೆಂದು ಬರೆದಿತ್ತು.

ಗುಜರಿಗೆ ಹೋದ ಪ್ರಿಂಟರಿನದು ಇತ್ತು. ನಾವು ಎರಡು ವರ್ಷದ ಹಿಂದೆ ಬದಲಿಸಿದ ಫೋನಿನದು ಇತ್ತು. ಹಾಡಿನದು ಎರಡು. ಪಂಚಾಂಗ ಒಂದು, ಹವಾಮಾನ ಮೂರು. ಇವರಿಗೆ ಹೊಸತೇನು ಕಂಡರೂ ಇಳಿಸಿಕೊಳ್ಳುವ ಚಾಳಿ. ವಿನೋದಾ ತನ್ನ ಅಣ್ಣನನ್ನು ಕರೆದು ಎದುರಿಗೆ ನಿಲ್ಲಿಸಿದಳು.

"ಮೂರು ಹವಾಮಾನ ಎಂತಕ್ಕೆ ಅಣ್ಣ?"

"ಒಂದು ಮಳೆ ಬರುತ್ತದೆ ಅಂದರೆ ಇನ್ನೊಂದು ಇಲ್ಲ ಅಂತದೆ. ಮೂರನೆಯದು ಪಂಚಾಯ್ತಿಗೆ," ಎಂದರು ಇವರು.

"ಕಿಟಕಿ ತೆಗೆದು ನೋಡು ಸಾಕು."

ಒಂದೊಂದರ ಮೇಲೂ ಮೌಸಿನ ಬಲಗುಂಡಿ ಒತ್ತಿ ಡಿಸೇಬಲ್ ಮಾಡುತ್ತ ಹೋದಳು. "ಅಳಿಸಿಹೋಗುತ್ತದಾ?" ಎಂದೆ.

"ಇಲ್ಲ ಅತ್ತಿಗೆ. ಅವು ಇಲ್ಲೇ ಇರ್ತವೆ. ನೀವು ಕರೆದರೆ ಬರ್ತವೆ, ಕರೆಯದೆ ಬರುವುದಿಲ್ಲ, ಅಷ್ಟೇ. ವೈರಸ್ ಕಾಯುವುದನ್ನು ಮಾತ್ರ ಮುಟ್ಟಬೇಡಿ. ಕನ್ನಡ ಟೈಪ್ ಮಾಡುವುದೂ ಇರಲಿ. ಯಾವುದು ಎಂತದು ಗೊತ್ತಿಲ್ಲವೋ ಅದನ್ನು ಕೇಳಿ ತಿಳಿದು ಬಂದ್ ಮಾಡಿ, ಸುಮ್ಮನೆ ಕೈ ಹಾಕಬೇಡಿ."

ಆಫ್ ಮಾಡಿ ಮತ್ತೆ ಆನ್ ಮಾಡಿದಳು. ನಾನು ಅಭ್ಯಾಸಬಲದಿಂದ ಕಿಟಕಿಯ ಕಡೆ ತಿರುಗಿದೆ. ಒಂದು ಗಾಡಿಯ ಮೂರು ಬೋಗಿ ದಾಟಿರಬಹುದು. "ಆಯ್ತು," ಎಂದಳು ವಿನೋದಾ.

ಪ್ರಾಜಕ್ತಾಳಿಗೆ ಬರೆದೆ: ತಪ್ಪು ನನ್ನದು. ಇನ್ನೊಂದೇ ಒಂದು ಶನಿವಾರ ಬಾ. ಎರಡು ದಿನ ಉತ್ತರವಿಲ್ಲ. ಶುಕ್ರವಾರ "ಬರಂ" ಎಂದು ಬಂತು, ಸರಿ ಎಂದು.

ಶನಿವಾರ ಹಳೆಯ ರೂಢಿಯಲ್ಲಿ ಹತ್ತೂವರೆಗೇ ಆನ್ ಮಾಡಿದೆ. ತಕ್ಷಣ ಎದ್ದು ನಿಂತಿತು. ಮಾಡಲು ಬೇರೇನೂ ತೋಚದೆ ತರಗತಿ ತೆರೆದು ಕುಳಿತೆ. ಅವಳೂ ತಡವಾಗಬಾರದೆಂದು ಫೋನನ್ನು ಆಗಲೇ ಕಪಾಟಿಗೆ ಒರಗಿಸಿ ತೆರೆದಿಟ್ಟಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಸ್ನಾನ ಮುಗಿಸಿದ ಆಯಿ ಮಂಚದ ಮೇಲಿದ್ದರು. ಪ್ರಾಜಕ್ತಾ ಹಿಂದೆ ಕುಳಿತು ಅವರ ತಲೆ ಬಾಚುತ್ತಿದ್ದಳು. ಆಯಿ ಏನೋ ಹೇಳುತ್ತಿದ್ದರು, ಇವಳು ನಗುತ್ತ ತಲೆಯಾಡಿಸುತ್ತಿದ್ದಳು. ಅವರು ಮತ್ತೆ ಅದನ್ನೇ ಹೇಳಿದರು. ತೊದಲಿನ ನಡುವಿನಿಂದ ನನಗೆ ಸ್ಪಷ್ಟವಾಗಿ ಕೇಳಿತು.

"ಮಂಚ ತಿರ್ಗ್ಸ್, ಹೆಣ್ಣೇ."

ತಡೆಯಲಾಗದೆ ಕೂಗಿದೆ. "ಎಂತಕಮ್ಮ ಮಂಚ ತಿರ್ಗ್ಸುದು?"

ಆಯಿ ಬೆಚ್ಚಿ ಸುತ್ತ ನೋಡಿದರು. "ಯಾರದು? ನಮ್ಮ್ ಬದಿಯರಾ?"

"ಹೌದಮ್ಮ, ಉಡುಪಿ ಬದಿ."

"ಹಂಗಾರೆ ಇವ್ಳಿಗೆ ಒಂಚೂರ್ ಹೇಳ್. ಇವ್ಳ್ ಅಡ್ಗಿ ಮನಿಯಂಗೆ ಒಬ್ಳೇ ಇರತ್ಲ್. ನಂಗ್ ಇವ್ಳ್ ಮೋರಿ ಕಾಂತಿಲ್ಲೆ. ಇಡೀ ದಿನ ಗ್ವಾಡಿ ಕಾಂತಾ ಮಲ್ಕಂಬುದಾ?"

ಅಡುಗೆಮನೆಯಲ್ಲಿ ಒಬ್ಬಳೇ ಇರುವ ಸೊಸೆಯ ಮುಖ ಕಾಣುತ್ತಿಲ್ಲ, ದಿನವೆಲ್ಲ ಗೋಡೆ ನೋಡುತ್ತ ಮಲಗಬೇಕೇ ಎಂದು. ಅದನ್ನು ಮರಾಠಿಯಲ್ಲಿ ಹೇಳಿದೆ. ಪ್ರಾಜಕ್ತಾ ಬಾಚಣಿಗೆ ಹಿಡಿದೇ ಕುಳಿತಳು.

"ಮಂಚ ಅಂದ್ರೆ ಪಲಂಗಾ, ಟೀಚರ್?"

ಆಗ ನನಗೆ ಹೊಳೆಯಿತು. ಮರಾಠಿಯಲ್ಲಿ ಮಂಚ್ ಎಂದರೆ ವೇದಿಕೆ. ಡೊಂಬಿವಲಿಯ ಮಹಿಳಾ ಮಂಡಳಿಯಲ್ಲಿ ಆಯಿ ಭಜನೆ ಹಾಡುತ್ತಿದ್ದರಂತೆ. ವೇದಿಕೆಯನ್ನು ನೆನೆದು ಹಂಬಲಿಸುತ್ತಿದ್ದಾರೆಂದು ತಿಳಿದು ಇವಳು ಆ ಹಳೆಯ ಭಜನೆಗಳನ್ನು ಫೋನಿನಲ್ಲಿ ದಿನವೂ ಹಾಕಿದ್ದಳು.

"ಎರಡು ತಿಂಗಳು, ಟೀಚರ್! ಬೆಳಿಗ್ಗೆ ಸಾಯಂಕಾಳ ಭಜನೆ!" ಎಂದು ನಗತೊಡಗಿದವಳು ಹಾಗೆಯೇ ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟಳು. ಆಯಿ ಎಡಗೈಯಿಂದ ಅವಳ ತಲೆ ಸವರಿದರು. ಏನಾಯಿತೆಂದು ಅವರಿಗೆ ತಿಳಿಯದು, ಆದರೂ ಸವರಿದರು.

ಅಂದು ಪಾಠವಾಗಲಿಲ್ಲ. ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯವರನ್ನು ಕರೆದು, ಮಂಚ ಎಳೆದು ತಿರುಗಿಸುವ ಗರಗರ ಸದ್ದನ್ನಷ್ಟೇ ನಾನು ಕೇಳುತ್ತ ಕುಳಿತೆ. ಯಾರ ಕೈ ತಗಲಿತೋ, ಫೋನು ಅಂಗಾತ ಬಿದ್ದು ನನಗೆ ಫ್ಯಾನು ಮಾತ್ರ ಕಾಣುತ್ತಿತ್ತು.

ಅಂದಿನಿಂದ ಆಯಿ ಹನ್ನೊಂದಕ್ಕೆ ನಿದ್ದೆ ಮಾಡುವುದಿಲ್ಲ. ತರಗತಿಯಲ್ಲಿ ಅವರೂ ಇರುತ್ತಾರೆ. ನನ್ನ ಕನ್ನಡ ಪುಸ್ತಕದ್ದೆಂದು ಅವರ ದೂರು. "ಏನು ಬೇಕು" ಎಂದು ನಾನು ಕಲಿಸಿದರೆ "ಎಂತ ಬೇಕ್" ಎಂದು ತಿದ್ದುತ್ತಾರೆ, ಪ್ರಾಜಕ್ತಾ ಅವರದ್ದನ್ನೇ ಬರೆದುಕೊಳ್ಳುತ್ತಾಳೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈಗ ಆ ಮನೆಯಲ್ಲಿ ಹಿಂದಿನ ಬೆಂಚು. ಅಲ್ಲಿಂದ ಇಬ್ಬರನ್ನೂ ನೋಡುತ್ತ ಕೂರುವುದರಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮೊನ್ನೆ ಪಾಠ ಮುಗಿಯುವ ಹೊತ್ತಿಗೆ ಕುಕ್ಕರ್ ಕೂಗಿತು. ಪ್ರಾಜಕ್ತಾ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಆಯಿ ಅವಳನ್ನೇ ನೋಡುತ್ತಿದ್ದುದು ಕಂಡು, ಯಾರನ್ನೂ ಕೇಳದೆ, ಪುಸ್ತಕ ನೋಡದೆ, "ಆಯಿ, ಎಂತ ಬೇಕ್?" ಎಂದಳು.

"ಎಂತ ಬ್ಯಾಡ. ಕೂಕೊ," ಎಂದರು ಆಯಿ.

ಅರ್ಥ ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಂಚದ ಅಂಚಿನಲ್ಲಿ ಕುಳಿತಾಗಿತ್ತು.