ಡ್ರಿಲ್ಲಿಂಗ್ ಮಿಷನ್ನಿಗೆ ಹಾರ ಬೇಡ

ಈ ವರ್ಷ ಆಯುಧಪೂಜೆಗೆ ನಮ್ಮ ಶೆಡ್ಡಿನ ಡ್ರಿಲ್ಲಿಂಗ್ ಮಿಷನ್ನಿಗೆ ಹಾರ ಹಾಕಲು ನಾನು ಬಿಡಲಿಲ್ಲ. ಮುದುಕನಿಗೆ ದೇವರ ಭಯ ಹೋಯಿತು ಎನ್ನುವವರು ಅನ್ನಲಿ. ಹೋದ ವರ್ಷ ಆ ಹಾರ ಕಟ್ಟಿದವನು ನಾನೇ. ಅದರಿಂದ ಆದದ್ದನ್ನು ಇನ್ನೊಬ್ಬರ ತಲೆಗೆ ಕಟ್ಟಿದವನೂ ನಾನೇ.

ಗಡಿಯಾಚೆ ತಮಿಳು ಸೀಮೆಯಲ್ಲಿ, ಆಲಸನತ್ತಂ ಊರು ದಾಟಿದರೆ ನಮ್ಮ ಸಣ್ಣ ಶೆಡ್ಡು. ಕಾರ್ಖಾನೆಗಳಿಗೆ ಕಬ್ಬಿಣದ ಪಟ್ಟಿಗಳಲ್ಲಿ ತೂತು ಕೊರೆದು ಕೊಡುತ್ತೇವೆ. ಅಂಚೆಟ್ಟಿ ಕಡೆಯಿಂದ ಕೆಲಸಕ್ಕೆ ಬಂದ ಹೆಣ್ಣುಮಗಳೊಬ್ಬಳಿಗೆ ನಾನೇ ಮಿಷನ್ ಕಲಿಸಿದೆ. ಚೆನ್ನಾಗಿಯೇ ಕಲಿಸಿದೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಪಟ್ಟಿಯ ಮೇಲೆ ಗುರುತಿಗೆ ಗೀಚಿದ ಗೆರೆಗಳು ಸೇರುವಲ್ಲಿ ಪಂಚಿನ ಮೊನೆಯಿಂದ ಚುಕ್ಕೆ ಹೊಡೆಯದಿದ್ದರೆ ಡ್ರಿಲ್ ಜಾರಿ ತೂತು ಪಕ್ಕಕ್ಕೆ ಹೋಗುತ್ತದೆ. ಪಟ್ಟಿಯನ್ನು ವೈಸಿನ ದವಡೆಯಲ್ಲಿ ಬಿಗಿಯಬೇಕು. ಕೈಯಲ್ಲಿ ಹಿಡಿದರೆ ಅದು ಫ್ಯಾನಿನ ರೆಕ್ಕೆಯಂತೆ ತಿರುಗಿ ಬೆರಳು ಕತ್ತರಿಸುತ್ತದೆ. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು, ದೊಡ್ಡದಕ್ಕೆ ವೇಗ ಕಡಿಮೆ. ಡ್ರಿಲ್ ಪಟ್ಟಿಯ ಅಡಿಯಿಂದ ಹೊರಬೀಳುವ ಹೊತ್ತಿಗೆ ಕೈ ಹಗುರವಾಗಬೇಕು. ಗ್ಲೌಸು, ಬಳೆ ಕೂಡದು. ಅವಳು ಗಾಜಿನ ಬಳೆಗಳನ್ನು ಊಟದ ಡಬ್ಬಿಯ ಚೀಲದಲ್ಲಿ ತೆಗೆದಿಡುತ್ತಿದ್ದಳು.

ಇಷ್ಟು ಹೇಳಿಕೊಟ್ಟವನು ಇನ್ನೊಂದನ್ನೂ ಹೇಳಿದೆ: ಪೂಜೆಯ ಹಾರವನ್ನು ಕೈಯಾರೆ ಕೀಳಬಾರದು, ಒಣಗಿ ತಾನೇ ಬೀಳಬೇಕು. ನಮ್ಮಪ್ಪ ನೇಗಿಲಿಗೆ ಹಾಗೆ ಮಾಡುತ್ತಿದ್ದ. ನೇಗಿಲು ಗಿರಗಿರ ತಿರುಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಹಬ್ಬ ಮುಗಿದು ಕೆಲಸ ಶುರುವಾದ ಬೆಳಿಗ್ಗೆ ಮಿಷನ್ನಿನ ತಲೆಯಲ್ಲಿ ಚೆಂಡುಹೂವಿನ ಹಾರವಿತ್ತು, ಅವಳ ಮಣಿಕಟ್ಟಿನಲ್ಲಿ ಪೂಜೆಯ ದಾರ.

“ತಾತಾ, ಹಾರ ತೆಗೆದ್ಬಿಡ್ಲಾ? ಡ್ರಿಲ್ ಹತ್ರಕ್ಕೇ ನೇತಾಡ್ತೈತೆ.”

“ಸುಮ್ಕಿರಮ್ಮ. ಪೂಜೆ ಹೂವ ಕಿತ್ರೆ ಮಿಷನ್ ಮುನಿಸ್ಕೊಂಬುಡ್ತದೆ.”

“ಮುನಿಸ್ಕೊಂಡ್ರೆ ನಿಮ್ಗೇನು? ಅದ್ರ ಬಾಯ್ಗೆ ಕೈ ಇಡೋಳು ನಾನು,” ಎಂದು ನಗುತ್ತಲೇ ಸ್ವಿಚ್ ಒತ್ತಿದಳು.

ಹಾರದ ತುದಿ ತಿರುಗುವ ಡ್ರಿಲ್ಲಿಗೆ ಸುತ್ತಿಕೊಂಡಿತು. ಅದನ್ನು ಸರಿಸಲು ಅವಳು ಕೈ ಚಾಚಿದಳು. ಯಾರಾದರೂ ಚಾಚುತ್ತಾರೆ. ಮಣಿಕಟ್ಟಿನ ದಾರವೂ ಸಿಕ್ಕಿಕೊಂಡಿತು. ನಾನು ಹಾರಿ ಕೆಂಪು ಸ್ವಿಚ್ ಹೊಡೆಯುವಷ್ಟರಲ್ಲಿ ತೋರುಬೆರಳು ಮೂಳೆ ಕಾಣುವಂತೆ ಸೀಳಿಹೋಗಿತ್ತು.

ಓನರ್ ಓಡಿ ಬಂದು ಏನಾಯಿತೆಂದು ಕೇಳಿದರು.

“ಹುಡ್ಗಿಗೆ ಗ್ಯಾನ ಇರ್ಲಿಲ್ಲ ಸಾರ್,” ಎಂದೆ.

ಕೈಗೆ ಟವೆಲ್ ಸುತ್ತಿಕೊಂಡು ಕೂತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು.

ಗಾಯ ಮಾಯಿತು, ಬೆರಳು ಪೂರ್ತಿ ಮಡಚಲಿಲ್ಲ. ಗಮನವಿಲ್ಲದವಳಿಗೆ ಮಿಷನ್ ಬೇಡ ಎಂದು ಓನರ್ ಅವಳನ್ನು ಪ್ಯಾಕಿಂಗಿಗೆ ಹಾಕಿದರು. ನಾನು ಕೊರೆದ ಪಟ್ಟಿಗಳನ್ನು ಅವಳು ಕಟ್ಟು ಕಟ್ಟುತ್ತಿದ್ದಳು. ಟ್ರೇ ಕೊಡಲು ಹೋದರೆ ನನ್ನ ಮುಖ ನೋಡುತ್ತಿರಲಿಲ್ಲ.

ಈ ವರ್ಷ ಹೂವಿನ ಬುಟ್ಟಿ ಬಂದಾಗ ನಾನು ಮಿಷನ್ನಿಗೆ ಅಡ್ಡ ನಿಂತೆ. ಎಲ್ಲರೆದುರಿಗೇ ನಡೆದದ್ದನ್ನು ಹೇಳಿದೆ.

“ವರ್ಷ ಪೂರ್ತಿ ಬಾಯಿಗೆ ಬೀಗ ಹಾಕ್ಕಂಡಿದ್ರಾ?” ಎಂದರು ಓನರ್.

“ಹಾಕ್ಕಂಡಿದ್ದೆ. ಹೇಡಿ ನಾನು. ಬೇಕಾದ್ರೆ ಹಾರ ನನ್ ಕುತ್ತಿಗೆಗೆ ಹಾಕಿ, ಇದಕ್ಕೆ ಬ್ಯಾಡ. ಹಬ್ಬ ಆದ್ಮೇಲೆ ಇದ್ರ ಮುಂದೆ ನಿಲ್ಲೋಳು ಅವ್ಳೇ. ಆಗಲ್ಲ ಅಂದ್ರೆ ನಾನೂ ನಿಲ್ಲಲ್ಲ.”

ಸಿಟ್ಟು ಬಂದರೆ ಅವರಿಗೆ ತಮಿಳು ಬರುತ್ತದೆ. “ಎನ್ನ ತಾತಾ, ಮಿರಟ್ಟುರೀಂಗಳಾ?”

“ಹೂಂ ಸಾರ್, ಹೆದರುಸ್ತಾನೇ ಇವ್ನಿ.”

ಅವರು ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಹಾರ ಗೋಡೆಯ ಮೇಲಿನ ದೇವರ ಪಟಕ್ಕೆ ಹೋಯಿತು. ಮಿಷನ್ನಿನ ಬುಡಕ್ಕೆ ಒಂದು ಬೊಟ್ಟು ಕುಂಕುಮ, ಸಾಕು. ದೇವರೇನೂ ಮುನಿಸಿಕೊಳ್ಳಲಿಲ್ಲ, ಮುನಿಸಿಕೊಂಡರೂ ನನ್ನ ಮೇಲೆ ತಾನೆ, ಬರಲಿ.

ಹಬ್ಬ ಕಳೆದ ಮೇಲೆ ಅವಳು ಬಳೆ ತೆಗೆದಿಟ್ಟು ಮಿಷನ್ ಮುಂದೆ ಬಂದು ನಿಂತಳು. ಹಳೆಯ ಅಭ್ಯಾಸದಂತೆ ನಾನು ವೈಸು ಬಿಗಿಯಲು ಕೈ ಚಾಚಿದೆ. ಅವಳು ಕಬ್ಬಿಣದ ಚೂರು ಗುಡಿಸುವ ಬ್ರಷ್ಷಿನಿಂದ ನನ್ನ ಮಣಿಕಟ್ಟಿಗೆ ತಟ್ಟಿದಳು. ಪೂಜೆಯಲ್ಲಿ ಕಟ್ಟಿದ ದಾರ ಅಲ್ಲೇ ಇತ್ತು.

“ಬಿಚ್ಚಿ ತಾತಾ. ಇಲ್ಲಾಂದ್ರೆ ದೂರ ನಿಂತ್ಕಳಿ.”

ಗಂಟು ಬಿಗಿಯಾಗಿತ್ತು, ನನ್ನಿಂದ ಬಿಚ್ಚಲಾಗಲಿಲ್ಲ. ಅವಳು ಪ್ಯಾಕಿಂಗಿನ ಕತ್ತರಿ ತಂದಳು. ನಾನು ಕೈ ಒಡ್ಡಿದೆ. ದಾರ ಕತ್ತರಿಸಿ ಕಸದ ಡಬ್ಬಕ್ಕೆ ಹಾಕಿ, ವೈಸನ್ನು ತಾನೇ ಬಿಗಿದು, ಮಡಚದ ಬೆರಳನ್ನು ಆಚೆ ಚಾಚಿಕೊಂಡೇ ಮಿಷನ್ನಿನ ಹಿಡಿಯನ್ನು ಕೆಳಗೆಳೆದಳು.